ಬಟನ್ ಇಲ್ಲದ ಕೆಂಪು ಪುಟ

ಮೂವತ್ತೊಂದಕ್ಕೇ ನಿವೃತ್ತಿ ಅನ್ನುತ್ತಿದ್ದಾಳಲ್ಲ ಇವಳು ಎಂದು ನಗುವವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಒಂದು ಕೆಲಸವನ್ನು ಮನಸ್ಸಿಟ್ಟು ಮಾಡಿ, ಸಾಕು, ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದು ಎದ್ದು ಬಂದರೆ ಅದು ನಿವೃತ್ತಿಯೇ. ತಲೆಗೂದಲು ನರೆಯಬೇಕೆಂಬ ನಿಯಮ ಎಲ್ಲೂ ಇಲ್ಲ. ಒಪ್ಪದವರು ವಾದಕ್ಕೆ ಬರಬಹುದು. ಈಗ ಕಾನೂನು ಓದುತ್ತಿದ್ದೇನೆ, ಬಿಡುವಿದೆ.

ಕೋಲಾರದಲ್ಲಿ ಕ್ಲಾಕ್ ಟವರಿನಿಂದ ಸ್ವಲ್ಪ ಒಳಗೆ, ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಸುತ್ತಲಿನ ತಾಲ್ಲೂಕುಗಳ ಅಂಗಡಿ, ಶಾಲೆ, ಮಂಡಿಗಳ ವೆಬ್‌ಸೈಟು ಮಾಡಿಕೊಟ್ಟು ನೋಡಿಕೊಳ್ಳುವುದು ಕೆಲಸ. ಯಜಮಾನರು ನಾಗರಾಜ್ ಸಾರ್. ಈಗ ಅವರ ಹತ್ತಿರ ಇಬ್ಬರು ಹೊಸಬರು ಸೇರಿದ್ದಾರೆ. “ನೀನು ಕಲಿತಿದ್ದನ್ನ ಅವರಿಗೆ ಬರೆದುಕೊಡಮ್ಮ, ನನ್ನ ಮಾತು ಅವರಿಗೆ ಹಳೇದಾಗಿ ಕೇಳ್ಸುತ್ತೆ” ಎಂದು ಸಾರ್ ಫೋನ್ ಮಾಡಿದರು. ಏನು ಕಲಿತೆ ಎಂದು ಯೋಚಿಸಿದರೆ ತಲೆಯೊಳಗೆ ಎರಡು ಪಕ್ಷಗಳು ಎದ್ದು ನಿಲ್ಲುತ್ತವೆ. ಎರಡೂ ನನ್ನ ದನಿಯಲ್ಲೇ ಮಾತಾಡುತ್ತವೆ. ಹಾಗಾಗಿ ಪಾಠ ಬರೆಯುವ ಯೋಗ್ಯತೆ ನನಗಿಲ್ಲ. ನಡೆದದ್ದನ್ನು ಬರೆಯುತ್ತೇನೆ. ತೀರ್ಪು ನಿಮ್ಮದು.

ಕಾಲೇಜಿನಲ್ಲಿ ನಾನು ಚರ್ಚಾ ಸ್ಪರ್ಧೆಗಳ ಹುಡುಗಿ. ಪರವೋ ವಿರೋಧವೋ ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು, ಗೆಲ್ಲುವುದು ಮಾತ್ರ ಮೊದಲೇ ಗೊತ್ತಿರುತ್ತಿತ್ತು. ಆಫೀಸಿಗೆ ಸೇರಿದ ವಾರದಲ್ಲೇ ಸಾರ್ ನನಗೆ ‘ಲಾಯರಮ್ಮ’ ಎಂದು ಹೆಸರಿಟ್ಟರು. ಅದು ಗಿರಾಕಿಗಳ ಬಾಯಿಗೂ ಹೋಯಿತು.

ಮೊದಲ ಜಗಳ ಮಾಲೂರಿನದು. ಅಲ್ಲೊಬ್ಬ ಹೆಂಚಿನ ವ್ಯಾಪಾರಿಯ ಕಂಪ್ಯೂಟರಿನಲ್ಲಿ ಯಾವ ಸೈಟು ತೆರೆದರೂ ಕೆಂಪು ಎಚ್ಚರಿಕೆ ಬರುತ್ತಿತ್ತು: ಈ ಸಂಪರ್ಕ ಸುರಕ್ಷಿತವಲ್ಲ, ನಿಮ್ಮ ಮಾಹಿತಿಯನ್ನು ಯಾರಾದರೂ ಕದಿಯಬಹುದು. ನಮ್ಮ ಆಫೀಸಿನಲ್ಲಿ ಇದಕ್ಕೆ ‘ಕೆಂಪು ಪುಟ’ ಎನ್ನುತ್ತಿದ್ದೆವು. ಸಾರ್ ಹತ್ತಿರ ಇದಕ್ಕೆ ಒಂದೇ ಔಷಧ ಇತ್ತು. ಫೋನಿನಲ್ಲೇ ಹೇಳುತ್ತಿದ್ದರು: “ಕೆಳಗಡೆ ಅಡ್ವಾನ್ಸ್ಡ್ ಅಂತಿದೆ ನೋಡಿ, ಒತ್ತಿ. ಈಗ ಪ್ರೊಸೀಡ್ ಅಂತ ಸಣ್ಣಕ್ಷರದಲ್ಲಿದೆ, ಅದನ್ನೂ ಒತ್ತಿ. ಬಂತಾ? ಬಂತಲ್ಲ! ಇಡಿ ಫೋನು.” ನಾಲ್ಕು ತಾಲ್ಲೂಕಿನ ಜನಕ್ಕೆ ಇದು ಬಾಯಿಪಾಠವಾಗಿತ್ತು. ಗುಡಿಯೊಳಗೆ ಹೋಗುವ ಮುಂಚೆ ಚಪ್ಪಲಿ ಬಿಟ್ಟಹಾಗೆ, ಸೈಟಿನೊಳಗೆ ಹೋಗುವ ಮುಂಚೆ ಅಡ್ವಾನ್ಸ್ಡ್, ಪ್ರೊಸೀಡ್.

ಹೆಂಚಿನವರು ಸುಮ್ಮನಾಗಲಿಲ್ಲ. “ಎಲ್ಲಾದಕ್ಕೂ ಬಟನ್ ಬರುತ್ತೆ ಮೇಡಂ, ಬ್ಯಾಂಕಿಂದಕ್ಕೆ ಮಾತ್ರ ಬರಲ್ಲ” ಅಂದರು. ನಾನು ಬಸ್ಸು ಹತ್ತಿ ಹೋದೆ. ನೋಡಿದರೆ ಕಂಪ್ಯೂಟರಿನೊಳಗಿನ ಸಣ್ಣ ಬ್ಯಾಟರಿ ಸತ್ತು, ಅದರ ಗಡಿಯಾರ ಎಷ್ಟೋ ವರ್ಷ ಹಿಂದೆ ನಿಂತಿತ್ತು. ಪ್ರತಿ ಸೈಟಿಗೂ ಒಂದು ಪ್ರಮಾಣಪತ್ರವಿರುತ್ತದೆ, ಅದಕ್ಕೊಂದು ಅವಧಿ. ಹಿಂದಿನ ಕಾಲದಲ್ಲಿ ಕೂತಿದ್ದ ಆ ಕಂಪ್ಯೂಟರಿಗೆ ಎಲ್ಲ ಪತ್ರಗಳೂ ಇನ್ನೂ ಹುಟ್ಟಿಯೇ ಇಲ್ಲದವು. ಬ್ಯಾಟರಿ ಬದಲಾಯಿಸಿದೆ, ತಾರೀಕು ಸರಿ ಮಾಡಿದೆ, ಕೆಂಪು ಹೋಯಿತು.

“ಅಷ್ಟು ದಿನ ಒತ್ತಿದ್ದೆಲ್ಲ ಸುಮ್ ಸುಮ್ನೇನಾ?” ಅಂದರು ಅವರು.

“ಸುಮ್ನೆ ಅಲ್ಲ ಸಾರ್. ಒಂದು ದಿನ ನಿಜವಾದ ಕಳ್ಳ ಬಂದಿದ್ರೂ ಒತ್ತಿರ್ತಿದ್ರಿ.”

“ಒತ್ತಿರ್ತಿದ್ದೆ” ಎಂದು ನಕ್ಕರು. ನನಗೆ ನಗು ಬರಲಿಲ್ಲ. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಒಂದೇ ಪ್ರಶ್ನೆ: ಬ್ಯಾಂಕಿನ ಪುಟದಲ್ಲಿ ಮಾತ್ರ ದಾಟುವ ಬಟನ್ ಯಾಕಿರಲಿಲ್ಲ?

ಓದಿಕೊಂಡೆ. ನಿಮ್ಮ ಫೋನಿಗೂ ಸೈಟಿಗೂ ಮಧ್ಯೆ ದಾರಿ ಇದೆ. ಆ ದಾರಿಯಲ್ಲಿ ವೈಫೈ ಡಬ್ಬಿ, ಕೇಬಲ್ಲಿನವರು, ಇನ್ನೂ ಯಾರ್ಯಾರೋ ಇದ್ದಾರೆ. ವಿಳಾಸದ ಪಕ್ಕ ಬೀಗದ ಗುರುತು ಇದ್ದರೆ ಮಾತುಕತೆ ಮುಚ್ಚಿದ ಲಕೋಟೆಯಲ್ಲಿ ಹೋಗುತ್ತೆ, ಇಲ್ಲದಿದ್ದರೆ ಪೋಸ್ಟ್ ಕಾರ್ಡು. ಬ್ಯಾಂಕಿನಂಥವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬ್ರೌಸರಿಗೆ ಅಪ್ಪಣೆ ಕೊಟ್ಟಿರುತ್ತಾರೆ: ಇಂತಿಷ್ಟು ಕಾಲ ನನ್ನ ಹತ್ತಿರ ಬೀಗದ ದಾರಿಯಲ್ಲಿ ಮಾತ್ರ ಬಾ, ಬೀಗದಲ್ಲಿ ತಕರಾರು ಕಂಡರೆ ನಿಂತುಬಿಡು, ಫೋನಿನವರು ಎಷ್ಟು ಗೋಗರೆದರೂ ದಾಟುವ ಬಟನ್ ತೋರಿಸಬೇಡ. ಬ್ರೌಸರು ಅದನ್ನು ನೆನಪಿಟ್ಟುಕೊಳ್ಳುತ್ತದೆ. ಸರ್ವರಿನಲ್ಲಿ ಬರೆಯುವುದು ಒಂದೇ ಸಾಲು. ನನಗೆ ಆ ಸಾಲು ತುಂಬ ಹಿಡಿಸಿತು. ಎದುರಾಳಿಗೆ ಮರುಮಾತಿಗೇ ಜಾಗ ಕೊಡದ ಸಾಲು.

ಸಾರ್‌ಗೆ ಹಿಡಿಸಲಿಲ್ಲ. “ಬ್ಯಾಂಕಿಗೆ ಬೇಕಮ್ಮ. ಮಾವಿನಕಾಯಿಗೆ ಯಾಕೆ?”

ಮಾವಿನಕಾಯಿ ಎಂದರೆ ಶ್ರೀನಿವಾಸಪುರದ ಒಂದು ಮಂಡಿ ಕಮಿಟಿಯ ಸೈಟು. ಸೀಸನ್ನಿನಲ್ಲಿ ಲೋಡು ತರುವವರು ಅದರಲ್ಲಿ ಟೋಕನ್ ತಗೊಂಡು, ಗೇಟಿನಲ್ಲಿ ಫೋನು ತೆರೆದು ತೋರಿಸಿದರೆ ಒಳಗೆ ಬಿಡುತ್ತಾರೆ. ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಶುರುವಿನ ವರ್ಷ ಒಂದೇ ಟೋಕನ್ನು ವಾಟ್ಸಾಪಿನಲ್ಲಿ ಅಳಿಯ, ಭಾವಮೈದ, ಪಕ್ಕದೂರಿನವರು ಎಲ್ಲರಿಗೂ ಹೋಗಿ ಗೇಟಿನಲ್ಲಿ ಹೊಡೆದಾಟವಾಗಿತ್ತು. ಅದಕ್ಕೇ, ತಗೊಂಡ ಫೋನಿನಲ್ಲೇ, ಆ ಹೊತ್ತಿಗೆ ಸೈಟಿನಿಂದಲೇ ತೆರೆಯಬೇಕು ಎಂದು ಕಮಿಟಿ ನಿಯಮ ಮಾಡಿತ್ತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮಾವಿನಕಾಯಿಗೆ ಯಾಕೆ ಅನ್ನುವುದಕ್ಕೆ ಉತ್ತರ ಕೊಟ್ಟಿದ್ದು ಮುನಿರತ್ನಮ್ಮ. ಮುಳಬಾಗಿಲು ಕಡೆಯವರು, ತೋಪುಗಳನ್ನು ಗುತ್ತಿಗೆ ಹಿಡಿದು ಕಾಯಿ ಕೀಳಿಸಿ ಮಂಡಿಗೆ ಹಾಕುವವರು. ಒಂದು ದಿನ ಆಫೀಸಿಗೆ ಫೋನು.

“ಏಮಮ್ಮಾ, ನಿಮ್ಮ ಸೈಟಲ್ಲಿ ಇಸ್ಪೀಟ್ ಆಡು ಅಂತಾ ಇದೆಯಲ್ಲ?”

“ನಮ್ಮದ್ರಲ್ಲಿ ಅಂಥದ್ದೇನಿಲ್ಲ ಅಕ್ಕ. ಬೇರೆ ಏನೋ ತೆಗೆದಿರ್ತೀರಾ.”

“ಮಾವಿನಕಾಯಿ ಚಿತ್ರ ಐತೆ, ಮಂಡಿ ಹೆಸರು ಐತೆ, ಟೋಕನ್ ಅಂತ ಒತ್ತಿದ್ರೆ ರಾಣಿ ರಾಜ ಬರ್ತಾರೆ. ನಾನೇನು ಕಣ್ಣಿಲ್ಲದೋಳಾ?”

ಸಾರ್ “ಬಿಡಮ್ಮ, ಏನೋ ಒತ್ತಿರ್ತಾರೆ” ಅಂದರು. ನನ್ನ ಕಂಪ್ಯೂಟರಿನಲ್ಲಿ ಸೈಟು ಹಾಲಿನಷ್ಟು ಶುಭ್ರ. ಆದರೂ ಆ ‘ಕಣ್ಣಿಲ್ಲದೋಳಾ’ ಚುಚ್ಚಿತು. ಮರುದಿನ ಮುಳಬಾಗಿಲಿಗೆ ಹೋದೆ. ಅವರು ಲಾರಿಗೆ ಕಾಯುತ್ತಾ ಕೂರುತ್ತಿದ್ದ ಹೋಟೆಲಿನಲ್ಲಿ ನನ್ನ ಫೋನನ್ನೂ ಅಲ್ಲಿನ ವೈಫೈಗೆ ಹಾಕಿ ತೆರೆದೆ. ಸರಿಯಾಗಿ ‘ಟೋಕನ್ ಪಡೆಯಿರಿ’ ಅನ್ನುವ ಜಾಗದ ಮೇಲೆ ಇಸ್ಪೀಟಿನ ರಾಣಿ ಕೂತಿದ್ದಳು.

ಹೋಟೆಲಿನವರಿಗೂ ಗೊತ್ತಿಲ್ಲ. “ಯಾರೋ ಬಂದು ಪುಗಸಟ್ಟೆ ಡಬ್ಬಿ ಹಾಕಿಕೊಟ್ಟು ಹೋದ್ರು ಮೇಡಂ, ಗಿರಾಕಿಗಳಿಗೆ ಒಳ್ಳೇದಾಗ್ಲಿ ಅಂತ ಇಟ್ಕೊಂಡ್ವಿ.” ನಮ್ಮ ಸೈಟಿಗೆ ಬೀಗ ಇತ್ತು, ನಿಜ. ಆದರೆ ಜನ ವಿಳಾಸ ಟೈಪ್ ಮಾಡಿದಾಗ ಫೋನು ಮೊದಲು ಬೀಗವಿಲ್ಲದ ದಾರಿಯಲ್ಲೇ ಹೋಗಿ ಬಾಗಿಲು ತಟ್ಟುತ್ತಿತ್ತು. ಆ ಮೊದಲ ಹೆಜ್ಜೆಯಲ್ಲೇ ಡಬ್ಬಿ ಅಡ್ಡ ಬಂದು, ಪುಟವನ್ನು ತಿದ್ದಿ ಕೈಗಿಡುತ್ತಿತ್ತು.

“ಇವತ್ತು ಇಸ್ಪೀಟು. ನಾಳೆ ಸುಳ್ಳು ಟೋಕನ್ ಕೊಟ್ರೆ?” ಎಂದೆ ಸಾರ್‌ಗೆ. ಕಮಿಟಿಯ ಮುಂದೆ ಇಡೋಣ ಅಂದರು.

ಕಮಿಟಿಯ ಅಧ್ಯಕ್ಷರು ಅನ್ವರ್ ಭಾಯ್. ಅವರ ಮನೆಯವರು ತಾತನ ಕಾಲದಿಂದ ಮಾವಿನ ವ್ಯಾಪಾರದಲ್ಲಿದ್ದಾರೆ. ಮನೆಯಲ್ಲಿ ದಖ್ಖನಿ, ಮಂಡಿಯಲ್ಲಿ ತೆಲುಗು, ನಮ್ಮ ಹತ್ತಿರ ಕನ್ನಡ, ಕೋಪ ಬಂದರೆ ಮೂರೂ. ಹಣ್ಣಿನ ವಾಸನೆ ತುಂಬಿದ್ದ ಅವರ ಕೋಣೆಯಲ್ಲಿ ಸಾರ್ ಒಂದು ಕಡೆ, ನಾನು ಒಂದು ಕಡೆ.

“ಜನ ದಡ್ಡರಲ್ಲ ಭಾಯ್” ಎಂದು ಸಾರ್ ಶುರು ಮಾಡಿದರು. “ಎಚ್ಚರಿಕೆ ಕೊಡೋಣ. ದಾಟೋದು ಬಿಡೋದು ಅವರಿಷ್ಟ. ಆಯ್ಕೆ ಕಿತ್ಕೊಳ್ಳೋಕೆ ನಾವ್ಯಾರು?”

“ಏನು ಮಾಡ್ತಿದೀನಿ ಅಂತ ಗೊತ್ತಿದ್ದು ಮಾಡಿದ್ರೆ ಅದು ಆಯ್ಕೆ” ಎಂದೆ. “ನಾವು ಕಲಿಸಿರೋದು ಚಟ. ಇಷ್ಟು ವರ್ಷದಲ್ಲಿ ಆ ಪುಟ ನೋಡಿ ವಾಪಸ್ ಹೋದೋರು ಒಬ್ಬರನ್ನ ತೋರಿಸಿ. ಎಲ್ಲರೂ ಒತ್ತೋ ಬಟನ್ ಬಾಗಿಲಲ್ಲ ಸಾರ್, ಗೋಡೆಗೆ ಬಿದ್ದಿರೋ ತೂತು.”

“ಕ್ಯಾ ಬೋಲ್ತಿ ದೇಖೋ!” ಎಂದು ಅನ್ವರ್ ಭಾಯ್ ಮೇಜು ತಟ್ಟಿದರು. “ಹಾಕಮ್ಮ, ಹಾಕು. ಅಡ್ವಾನ್ಸೂ ಬೇಡ, ಪ್ರೊಸೀಡೂ ಬೇಡ.”

ಸಾರ್ ಮೆಟ್ಟಿಲಿಳಿಯುತ್ತಾ ಹೇಳಿದ್ದು ಇಷ್ಟೇ: “ವಾದ ಗೆದ್ದೆ. ಸರಿಯಾಗೂ ಇರ್ಲಿ ಅಂತ ಬೇಡ್ಕೋತೀನಿ.” ಸೋತವರ ಮಾತು ಎಂದು ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಒಂದು ಸಾಲನ್ನು ಇಡೀ ಸೈಟಿಗೆ, ಅದರ ಕೆಳಗಿನ ಎಲ್ಲ ವಿಳಾಸಗಳಿಗೂ ಅನ್ವಯಿಸುವಂತೆ ಬರೆದೆ. ಸೀಸನ್ ಮುಗಿಯುತ್ತಾ ಬಂದಿತ್ತು, ಗೇಟಿನಲ್ಲಿ ನೂಕುನುಗ್ಗಲಿರಲಿಲ್ಲ. ಆಮೇಲೆ ಒಂದು ತಕರಾರೂ ಬರಲಿಲ್ಲ. ಮುಳಬಾಗಿಲ ಹೋಟೆಲಿನಲ್ಲಿ ರಾಣಿ ಮತ್ತೆ ಕಾಣಿಸಲಿಲ್ಲ ಎಂದು ಮುನಿರತ್ನಮ್ಮನೇ ಫೋನ್ ಮಾಡಿ ಹೇಳಿದರು. ನಾನು ಬೀಗಿದೆ.

ಮಾವು ಬಂತು. ಬಾದಾಮಿ ಮಾವಿನ ಹರಾಜು ಜೋರಾಗಿದ್ದ ಒಂದು ಬೆಳಗ್ಗೆ ಮತ್ತೆ ಅವರ ಫೋನು. ಹಿಂದೆ ಹಾರ್ನುಗಳು, ಬೈಗುಳ.

“ಅಮ್ಮಾ, ಗೇಟಲ್ಲಿದೀನಿ. ಕೆಂಪು ಬಂದೈತೆ. ಟೋಕನ್ ತೆರೀತಿಲ್ಲ. ಬೇಗ ಏನಾದ್ರೂ ಮಾಡು, ನನ್ನ ಸರದಿ ಹೋಗ್ತೈತೆ. ಕಾಯಿ ಬಿಸಿಯೇರ್ತೈತೆ.”

ಸರದಿ ಹೋದರೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಅಷ್ಟರಲ್ಲಿ ಬಾದಾಮಿ ಕೊಳ್ಳಲು ದೂರದೂರುಗಳಿಂದ ಬಂದ ವ್ಯಾಪಾರಿಗಳು ಎದ್ದು ಹೋಗಿರುತ್ತಾರೆ. ಉಳಿದದ್ದು ಕಡಿಮೆ ಬೆಲೆಗೆ ತಿರುಳು ತೆಗೆಯುವ ಫ್ಯಾಕ್ಟರಿಯವರ ಪಾಲು. ಆ ವರ್ಷ ಮುನಿರತ್ನಮ್ಮ ಹಿಡಿದಿದ್ದ ಒಳ್ಳೆಯ ತೋಪಿನ ಮೊದಲ ಲೋಡು ಆ ಲಾರಿಯಲ್ಲಿತ್ತು.

ನಾನು ಮಾಡಿದ ಮೊದಲ ಕೆಲಸ, ಪ್ರಶ್ನೆ ಹಾಕಿದ್ದು. ಫೋನಿನ ತಾರೀಕು ಸರಿ ಇದೆಯಾ? ಇದೆ. ಸೈಟಿನ ಪ್ರಮಾಣಪತ್ರ ನೋಡಿದೆ, ಅವಧಿ ಇದೆ. ಮೊದಲೆಲ್ಲ ಇದನ್ನು ನಾವು ಕೈಯಲ್ಲೇ ನವೀಕರಿಸಬೇಕಿತ್ತು, ಮರೆತು ಒದ್ದಾಡುತ್ತಿದ್ದೆವು. ಈಗ ತಾನಾಗೇ ಆಗುತ್ತದೆ, ಆಗಿತ್ತು. ನನ್ನ ಕಂಪ್ಯೂಟರಿನಲ್ಲಿ ಸೈಟು ಲಕಲಕ. “ಇಲ್ಲಿ ಬರ್ತಿದೆಯಲ್ಲ ಅಕ್ಕ” ಅಂದೆ.

“ಇಲ್ಲಿ ಬರ್ತಿಲ್ಲ ಅಂತ ನಾನು ಹೇಳ್ತಿರೋದು! ಆ ಪ್ರೊಸೀಡ್ ಎಲ್ಲಿ? ಅಡ್ವಾನ್ಸ್ಡ್ ಒತ್ತಿದ್ರೆ ಏನೋ ಇಂಗ್ಲಿಷಲ್ಲಿ ಬೈತೈತೆ, ಬಟನ್ ಇಲ್ಲ.”

“ಅದು ಇರಲ್ಲ ಅಕ್ಕ. ನಿಮ್ಮ ಒಳ್ಳೇದಕ್ಕೇ ತೆಗೆದಿರೋದು. ಮಧ್ಯದಲ್ಲಿ ಯಾರೋ ಅಡ್ಡ ಬಂದ್ರೆ...”

“ಯಾರೂ ಅಡ್ಡ ಬಂದಿಲ್ಲ, ನೀನೇ ಬಂದಿರೋದು!”

ಪಕ್ಕದಿಂದ ಯಾರೋ ಗಂಡಸು ಕೂಗಿದ: “ಲೇ ಅಕ್ಕಾ, ಲಾರಿ ಪಕ್ಕಕ್ಕೆ ಹಾಕಿಸು, ಹಿಂದೆ ಇರೋರು ಏನು ಮಾಡ್ಬೇಕು?” ಮುನಿರತ್ನಮ್ಮ ತೆಲುಗಿನಲ್ಲಿ ಅವನಿಗೆ ಸರಿಯಾಗಿ ತಿರುಗೇಟು ಕೊಟ್ಟರು.

ವಿಚಿತ್ರವೆಂದರೆ ಕೆಲವರಿಗೆ ತೆರೆಯುತ್ತಿತ್ತು, ಕೆಲವರಿಗೆ ಇಲ್ಲ. ಹೊಸ ಫೋನಿನವರು ಒಳಗೆ, ಹಳೇ ಫೋನಿನವರು ಹೊರಗೆ. ನನಗೆ ತಲೆ ಬುಡ ಅರ್ಥವಾಗಲಿಲ್ಲ. ಆಗ ಅವರೇ ಅಂದರು: “ಡ್ರೈವರ್ ಫೋನಲ್ಲಿ ವೈಫೈದು ಒಂದು ಪುಟ ಬಂತು, ಓಕೆ ಅಂತ ಕೇಳ್ತು. ನಂದ್ರಲ್ಲಿ ಅದೂ ಬರ್ಲಿಲ್ಲ.”

“ವೈಫೈಯಾ? ಯಾವ ವೈಫೈ?”

“ಗೇಟಲ್ಲಿ ಭಾಯ್ ಹಾಕ್ಸಿಲ್ವಾ? ಎರಡು ವರ್ಷ ಆಯ್ತು.”

ಕೇಳಬೇಕಾಗಿದ್ದ ಮೊದಲ ಪ್ರಶ್ನೆ ಅದು. ನನಗೆ ಬಂದದ್ದು ಕೊನೆಗೆ. ಸೀಸನ್ನಿನಲ್ಲಿ ಅಲ್ಲಿ ಅಷ್ಟೊಂದು ಫೋನುಗಳು ಸೇರಿ ಸಿಗ್ನಲ್ ಕುಸಿಯುತ್ತದೆಂದು ಅನ್ವರ್ ಭಾಯ್ ಕಮಿಟಿ ವತಿಯಿಂದ ವೈಫೈ ಹಾಕಿಸಿದ್ದರು. ಅದಕ್ಕೆ ಒಮ್ಮೆ ‘ಓಕೆ’ ಒತ್ತಬೇಕು, ಆಮೇಲೆ ದಾರಿ ಬಿಡುತ್ತದೆ. ಹಿಂದಿನ ವರ್ಷ ಜನ ಟೋಕನ್ ಪುಟ ತೆರೆಯಲು ಹೋದಾಗ ವೈಫೈ ಡಬ್ಬಿ ಮಧ್ಯೆ ಬಂದು ಓಕೆ ಪುಟ ತೋರಿಸುತ್ತಿತ್ತು. ಈಗ? ಯಾರೂ ಮಧ್ಯೆ ಬರಕೂಡದು ಎಂದು ಅಪ್ಪಣೆ ಕೊಟ್ಟವಳು ನಾನು. ಟೋಕನ್ ತಗೊಳ್ಳಲು ಸೈಟಿಗೆ ಬಂದಿದ್ದ ಪ್ರತಿ ಫೋನೂ ಅದನ್ನು ನೆನಪಿಟ್ಟುಕೊಂಡಿತ್ತು. ಹೊಸ ಫೋನುಗಳು ಓಕೆ ಪುಟವನ್ನು ತಾವೇ ಹುಡುಕಿ ತೋರಿಸುತ್ತವೆ. ಹಳೆಯವು ತೋರಿಸದೆ, ನಿಯಮ ಪಾಲಿಸಿ, ಗೇಟಿನಲ್ಲಿ ನಿಂತುಬಿಟ್ಟಿದ್ದವು. ಮುಳಬಾಗಿಲಿನ ಇಸ್ಪೀಟಿನ ಡಬ್ಬಿಗೂ ಭಾಯ್ ಧರ್ಮಕ್ಕೆ ಹಾಕಿಸಿದ ಡಬ್ಬಿಗೂ ಬ್ರೌಸರಿನ ಕಣ್ಣಿಗೆ ಏನೂ ವ್ಯತ್ಯಾಸವಿಲ್ಲ. ಸೈಟಿನ ಜಾಗದಲ್ಲಿ ನಿಂತು ಉತ್ತರ ಕೊಟ್ಟವರೆಲ್ಲ ಅದಕ್ಕೆ ಕಳ್ಳರೇ.

“ವೈಫೈ ಆಫ್ ಮಾಡಿ, ನಿಮ್ಮ ಡೇಟಾದಲ್ಲೇ ತೆಗೀರಿ” ಅಂದೆ. ಮಾಡಿದರು. ಪುಟ ಸುತ್ತುತ್ತಲೇ ಇತ್ತು.

ಉಳಿದದ್ದು ಒಂದೇ ದಾರಿ. ಬೀಗವಿಲ್ಲದ ಯಾವುದಾದರೂ ಪುಟ ತೆರೆಯಬೇಕು. ಆಗ ಡಬ್ಬಿ ತನ್ನ ಓಕೆ ಪುಟ ತೋರಿಸುತ್ತದೆ. ಮಂಡಿಯ ಹೆಸರಿನ ಕೆಳಗೆ ಅಂಥ ಪುಟ ಮಾಡುವ ಹಾಗಿಲ್ಲ. ಎಲ್ಲ ಕೆಳವಿಳಾಸಗಳಿಗೂ ಬೀಗ ಜಡಿದಿದ್ದೆ. ನಾವು ನೋಡಿಕೊಳ್ಳುವ ಬೇರೆ ಸೈಟುಗಳಿಗೂ ಅಷ್ಟರಲ್ಲಿ ಅದೇ ಸಾಲು ಹಾಕಿ ಮುಗಿಸಿದ್ದೆ. ಬೀಗವಿಲ್ಲದ ಪುಟಕ್ಕಾಗಿ ನಾನೇ ಹುಡುಕಾಡಬೇಕಾಯಿತು! ಸಾರ್ ಪಕ್ಕದ ಮೇಜಿನಿಂದ ಮೆಲ್ಲಗೆ ಅಂದರು: “ನಮ್ಮ ಅಣ್ಣನ ಮಗನ ಮದುವೆ ಕರೆಯೋಲೆದು ಒಂದು ಸೈಟ್ ಮಾಡಿದ್ದೆ. ಅದು ಇನ್ನೂ ಹಾಗೇ ಇದೆ, ನೀನು ಮುಟ್ಟಿಲ್ಲ.”

ಮುನಿರತ್ನಮ್ಮ ವೈಫೈ ಮತ್ತೆ ಹಾಕಿಕೊಂಡು, ಸಾರ್ ಒಂದೊಂದೇ ಅಕ್ಷರ ಹೇಳಿದ ಆ ಮದುವೆ ಸೈಟಿನ ವಿಳಾಸ ಟೈಪ್ ಮಾಡಿದರು. ಓಕೆ ಪುಟ ಬಂತು. ಒತ್ತಿದರು. ಗಂಡುಹೆಣ್ಣಿನ ಚಿತ್ರ ಬಂತು. “ಜೋಡಿ ಚೆನ್ನಾಗೈತೆ” ಎಂದು ಆ ಗದ್ದಲದಲ್ಲೂ ಅಂದರು. ಆಮೇಲೆ ಟೋಕನ್ ತೆರೆಯಿತು. ಗೇಟಿನಲ್ಲಿ ನಿಂತಿದ್ದ ಹಳೇ ಫೋನಿನವರೆಲ್ಲ ಆ ಬೆಳಗ್ಗೆ ಆ ಮದುವೆಯ ಮೂಲಕವೇ ಮಂಡಿಯೊಳಗೆ ಹೋದರು.

ಆದರೆ ಮುನಿರತ್ನಮ್ಮನ ಸರದಿ ಹೋಗಿತ್ತು. ಅವರು ಒಳಗೆ ಹೋಗುವ ಹೊತ್ತಿಗೆ ಬಾದಾಮಿ ಹರಾಜು ಎದ್ದಿತ್ತು. ಆರಿಸಿ ಕೀಳಿಸಿದ್ದ ಕಾಯಿ ಫ್ಯಾಕ್ಟರಿಯವರಿಗೆ ಹೋಯಿತು.

ವಾರದೊಳಗೆ ಕಮಿಟಿ ಸೇರಿತು. ಆ ಸಾಲು ತೆಗೆಯಬೇಕೋ ಉಳಿಸಬೇಕೋ? ತೆಗೆಯುವುದು ಕಷ್ಟವಲ್ಲ, ಮರೆತುಬಿಡು ಎಂದು ಬ್ರೌಸರುಗಳಿಗೆ ಇನ್ನೊಂದು ಅಪ್ಪಣೆ ಕಳಿಸಿದರಾಯಿತು. ಅದೇ ಕೋಣೆ, ಅದೇ ವಾಸನೆ. ಈ ಸಲ ಮುನಿರತ್ನಮ್ಮನೂ ಇದ್ದರು, ಭಾಯ್ ಕರೆಸಿದ್ದರು.

“ಬೋಲೋ ಲಾಯರಮ್ಮ” ಎಂದರು.

ಎದ್ದು ನಿಂತೆ. ಇರಬೇಕು ಎಂದು ಶುರು ಮಾಡಿದೆ. ಎರಡನೇ ವಾಕ್ಯದಲ್ಲಿ ಆ ಲಾರಿ ಕಣ್ಣ ಮುಂದೆ ಬಂತು. ತೆಗೆಯಬೇಕು ಎಂದು ತಿರುಗಿದೆ. ಇಸ್ಪೀಟಿನ ರಾಣಿ ಬಂದಳು. ಎರಡೂ ಕಡೆಯ ಮಾತು ನನಗೆ ಚೆನ್ನಾಗಿ ಬರುತ್ತಿತ್ತು. ಯಾವುದನ್ನು ನಂಬುತ್ತೇನೆ ಅನ್ನುವುದು ಮಾತ್ರ ಗೊತ್ತಾಗಲಿಲ್ಲ. ಜೀವನದಲ್ಲಿ ಮೊದಲ ಸಲ ಗಂಟೆ ಹೊಡೆಯುವ ಮುಂಚೆಯೇ ಕೂತುಕೊಂಡೆ.

ಸಾರ್ ಎದ್ದು ನನ್ನನ್ನು ಸೋಲಿಸಬಹುದಿತ್ತು. “ನಂಗೂ ಗೊತ್ತಾಗ್ತಿಲ್ಲ ಭಾಯ್” ಅಂದರು. “ಮೊದ್ಲು ಗೊತ್ತಿತ್ತು.”

ಭಾಯ್ ಮುನಿರತ್ನಮ್ಮನ ಕಡೆ ತಿರುಗಿದರು. “ನೀವೇ ಹೇಳಿ ಅಕ್ಕ. ಎರಡೂ ಕಡೆ ಏಟು ತಿಂದೋರು ನೀವೊಬ್ರೇ.”

ಅವರು ಸೆರಗಿನಿಂದ ಬೆವರು ಒರೆಸಿಕೊಂಡರು. “ಬೇರೆಯೋರಿಗೆ ಬಟನ್ ಇರ್ಬಾರ್ದು” ಎಂದರು. “ನನಗೆ ಇರ್ಬೇಕು.”

ಕೋಣೆ ಗೊಳ್ಳೆಂದು ನಕ್ಕಿತು. ಆದರೆ ನಗು ಬೇಗ ನಿಂತಿತು. ಯಾಕೆಂದರೆ ಅಲ್ಲಿ ಕೂತಿದ್ದ ಪ್ರತಿಯೊಬ್ಬರೂ ಅದನ್ನೇ ಹೇಳಲು ಬಂದಿದ್ದರು.

ಭಾಯ್ ನಗುತ್ತಲೇ ನನ್ನ ಕಡೆ ನೋಡಿ ಕೇಳಿದರು: “ನಿಮಗೂ ಇಲ್ವಾ ಲಾಯರಮ್ಮ, ಬಟನ್ನು?”

ಈ ಕೆಲಸಕ್ಕೆ ಸೇರಿದ ಸ್ವಲ್ಪ ದಿನಕ್ಕೇ ನಿಮಗೂ ಗೊತ್ತಾಗುತ್ತದೆ, ಈಗಲೇ ಹೇಳುತ್ತೇನೆ. ಕೆಲವು ಬ್ರೌಸರುಗಳಲ್ಲಿ, ಕಂಪ್ಯೂಟರಿನ ಮುಂದೆ ಕೂತು, ಬಟನ್ ಇಲ್ಲದ ಕೆಂಪು ಪುಟದ ಮೇಲೆ ಒಂದು ಪದವನ್ನು ಸುಮ್ಮನೆ ಟೈಪ್ ಮಾಡಿದರೆ ಸಾಕು. ಬರೆಯುವ ಜಾಗ ಕಾಣುವುದಿಲ್ಲ, ಅಕ್ಷರ ಮೂಡುವುದಿಲ್ಲ. ಬಾಗಿಲು ಮಾತ್ರ ತೆರೆಯುತ್ತದೆ. ಕಟ್ಟಿದವರು ತಮ್ಮಂಥವರಿಗಾಗಿ ಇಟ್ಟುಕೊಂಡ ದಾರಿ. ಪರೀಕ್ಷೆ ಮಾಡುವಾಗ ನಾನೂ ಎಷ್ಟೋ ಸಲ ಬಳಸಿದ್ದೆ. ಅದನ್ನು ‘ದಾಟುವುದು’ ಎಂದು ಯಾವತ್ತೂ ಕರೆದಿರಲಿಲ್ಲ, ಅಷ್ಟೇ.

“ಇದೆ ಭಾಯ್” ಎಂದೆ. ಏನದು ಎಂದು ವಿವರಿಸಿದೆ. ಫೋನಿನಲ್ಲಿ ಅದು ನಡೆಯುವುದು ಕಷ್ಟ, ಆ ದಿನ ಗೇಟಿನಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ ಎಂದೂ ಹೇಳಿದೆ. ಯಾರೂ ಎರಡನೇ ಭಾಗ ಕೇಳಿಸಿಕೊಂಡಂತೆ ಕಾಣಲಿಲ್ಲ.

“ನಕ್ಕೋ ನಕ್ಕೋ, ಹೀಗೆ ಬೇಡ, ಇದು ಸರಿಯಲ್ಲ” ಎಂದರು ಭಾಯ್, ನಗು ಬಿಟ್ಟು. “ಅಕ್ಕನ ಲೋಡು ಹೋಗಿದೆ. ಅವರಿಗೊಬ್ಬರಿಗಾದ್ರೂ ಆ ಪದ ಹೇಳ್ಕೊಡಿ. ಮೊಮ್ಮಗನ ಕಂಪ್ಯೂಟರಲ್ಲಾದ್ರೂ ಒತ್ಲಿ.”

ನ್ಯಾಯವಾದ ಮಾತು. ನಾನು ಮುನಿರತ್ನಮ್ಮನ ಕಡೆ ತಿರುಗಿದೆ. ಪದ ನಾಲಿಗೆಯ ತುದಿಯಲ್ಲಿತ್ತು.

ಅವರು ಕೈ ಅಡ್ಡ ಹಿಡಿದರು. “ಬೇಡಮ್ಮಾ, ಹೇಳ್ಬೇಡ. ನನ್ನ ಗುಣ ನಂಗೊತ್ತು. ಹೇಳಿದ್ರೆ ದಿನಾ ಒತ್ತುತೀನಿ.”